ಡಿಸ್ನಿಲ್ಯಾಂಡ್: ಏರಿದ ದರ, ಕರಗಿದ ಬಿಡುವು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್ ನಗರದಲ್ಲಿರುವ ಡಿಸ್ನಿಲ್ಯಾಂಡ್ 2025ರ ಅಕ್ಟೋಬರ್‌ನಲ್ಲಿ ತನ್ನ ಪ್ರವೇಶ ದರವನ್ನು ಮತ್ತೊಮ್ಮೆ ಪರಿಷ್ಕರಿಸಿತು. ಅತಿ ಹೆಚ್ಚು ಜನ ಸೇರುವ ದಿನಗಳಲ್ಲಿ ಒಬ್ಬ ವಯಸ್ಕನಿಗೆ, ಒಂದು ದಿನಕ್ಕೆ, ಒಂದು ಉದ್ಯಾನಕ್ಕೆ ಇದ್ದ 206 ಡಾಲರ್ ದರ 224 ಡಾಲರಿಗೆ ಏರಿತು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 20 ಸಾವಿರ ರೂಪಾಯಿ. ನಾಲ್ವರು ವಯಸ್ಕರ ಕುಟುಂಬವೊಂದು ಅಂಥ ದಿನ ಒಳಗೆ ಕಾಲಿಡಬೇಕಾದರೆ ಊಟ, ವಸತಿ, ವಾಹನ ನಿಲುಗಡೆಯ ಖರ್ಚು ಬಿಟ್ಟೇ 80 ಸಾವಿರ ರೂಪಾಯಿಯಷ್ಟು ತೆರಬೇಕು.

ಅದೇ ಪಟ್ಟಿಯ ಇನ್ನೊಂದು ತುದಿಯಲ್ಲಿದ್ದ 104 ಡಾಲರ್ ದರ ಮಾತ್ರ ಕದಲಲಿಲ್ಲ. 2019ರಲ್ಲಿ ನಿಗದಿಯಾದ ಆ ಕನಿಷ್ಠ ದರ 2025ರ ಪರಿಷ್ಕರಣೆಯಲ್ಲೂ ಹಾಗೆಯೇ ಉಳಿಯಿತು. ದರ ಏರಿಕೆಯನ್ನು ಸಮರ್ಥಿಸುವವರು ಮುಂದಿಡುವುದು ಈ ಅಂಕಿಯನ್ನೇ. ಕೈ ಬಿಗಿ ಹಿಡಿದು ಖರ್ಚು ಮಾಡುವವರಿಗೂ ಬಾಗಿಲು ತೆರೆದಿದೆ, ದಿನವನ್ನು ನೋಡಿ ಆರಿಸಿಕೊಂಡರೆ ಸಾಕು ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ 104 ಡಾಲರಿನ ದಿನ ಒಳಹೊಕ್ಕವನಿಗೆ ಸಿಗುವ ಉದ್ಯಾನ, 224 ಡಾಲರಿನ ದಿನ ಸಿಗುವ ಉದ್ಯಾನವೇ? ಪ್ರಶ್ನೆ ಇರುವುದು ಇಲ್ಲಿ.

ಸ್ಯಾನ್ ಹೊಸೆ, ಫ್ರೀಮಾಂಟ್‌ಗಳಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಮೈಸೂರು, ಧಾರವಾಡಗಳಿಂದ ವಿಮಾನವೇರುವ ತಂದೆ-ತಾಯಿಗಳ ಪ್ರವಾಸದ ಪಟ್ಟಿಯಲ್ಲಿ ಡಿಸ್ನಿಲ್ಯಾಂಡ್‌ಗೆ ಖಾಯಂ ಸ್ಥಾನವಿದೆ. ಹೀಗಾಗಿ ಇದು ಕನ್ನಡಿಗರಿಗೆ ಸಂಬಂಧವೇ ಇಲ್ಲದ ದೂರದ ಸುದ್ದಿಯೂ ಅಲ್ಲ.

ಒಂದು ಡಾಲರಿನಿಂದ ಆರಂಭ

ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಆಗ ವಯಸ್ಕರ ಪ್ರವೇಶ ಶುಲ್ಕ ಕೇವಲ ಒಂದು ಡಾಲರ್. ಒಳಗಿನ ಆಟಗಳಿಗೆ ಬೇರೆ ಬೇರೆಯಾಗಿ ಟಿಕೆಟ್ ಕೊಳ್ಳಬೇಕಿತ್ತು. ನಮ್ಮ ಜಾತ್ರೆಯ ಜೈಂಟ್ ವೀಲ್ ಮುಂದೆ ಇಂದಿಗೂ ನಡೆಯುವ ವ್ಯವಹಾರವೇ ಅಲ್ಲೂ ಇತ್ತು: ಹತ್ತಿದಷ್ಟಕ್ಕೆ ಹಣ. 1982ರಲ್ಲಿ ಬಿಡಿ ಟಿಕೆಟ್‌ಗಳ ಪದ್ಧತಿ ಕೊನೆಗೊಂಡು, 12 ಡಾಲರ್ ಕೊಟ್ಟರೆ ದಿನವಿಡೀ ಎಷ್ಟು ಬಾರಿಯಾದರೂ ಯಾವ ಆಟವನ್ನಾದರೂ ಆಡಬಹುದೆಂಬ ಒಂದೇ ಟಿಕೆಟ್ ಬಂತು. ಅಂದಿನ 12 ಡಾಲರನ್ನು ಹಣದುಬ್ಬರಕ್ಕೆ ಹೊಂದಿಸಿದರೆ ಇಂದಿಗೆ ಸುಮಾರು 40 ಡಾಲರ್ ಆಗುತ್ತದೆ. ಅಂದರೆ ಇಂದಿನ ಗರಿಷ್ಠ ದರ ಹಣದುಬ್ಬರದ ಲೆಕ್ಕಕ್ಕಿಂತ ಐದು ಪಟ್ಟಿಗೂ ಹೆಚ್ಚು.

ಈ ಬದಲಾವಣೆಯ ಸೂಕ್ಷ್ಮವೊಂದನ್ನು ಗಮನಿಸಬೇಕು. ಬಿಡಿ ಟಿಕೆಟ್‌ನ ಕಾಲದಲ್ಲಿ ಒಂದು ಆಟ ಮುಚ್ಚಿದ್ದರೆ ಗ್ರಾಹಕನ ಹಣ ಅವನ ಕಿಸೆಯಲ್ಲೇ ಉಳಿಯುತ್ತಿತ್ತು. ಒಂದೇ ಟಿಕೆಟ್ ಬಂದ ಮೇಲೆ ಹಣ ಮೊದಲೇ ಸಂದಾಯವಾಗುತ್ತದೆ. ಒಳಗೆ ಎಷ್ಟು ಆಟಗಳು ನಡೆಯುತ್ತಿವೆ ಎಂಬುದರ ಲಾಭ-ನಷ್ಟವೆಲ್ಲ ಗ್ರಾಹಕನದೇ.

ಮುಂದಿನ ದೊಡ್ಡ ಹೆಜ್ಜೆ 2016ರ ಫೆಬ್ರುವರಿಯದು. ದಿನಕ್ಕೊಂದು ದರ ಎಂಬ ಪದ್ಧತಿ ಜಾರಿಗೆ ಬಂದದ್ದು ಆಗ. ಜನ ವಿರಳವಾದ ದಿನಕ್ಕೆ 95, ಸಾಧಾರಣ ದಿನಕ್ಕೆ 105, ದಟ್ಟಣೆಯ ದಿನಕ್ಕೆ 119 ಡಾಲರ್ ಎಂಬ ಮೂರು ಮೆಟ್ಟಿಲು. ಕೆಳಗಿನ ಮತ್ತು ಮೇಲಿನ ದರಗಳ ಅಂತರ ಅಂದು 24 ಡಾಲರ್. 2019ರಲ್ಲಿ ಈ ದರಗಳು 104 ಮತ್ತು 149 ಆದಾಗ ಅಂತರ 45ಕ್ಕೆ ಏರಿತು. 2025ರಲ್ಲಿ ಮೆಟ್ಟಿಲುಗಳು ಏಳು, ಅಂತರ 120 ಡಾಲರ್.

ಈ ಲೆಕ್ಕ ಕನ್ನಡ ನಾಡಿನ ಪ್ರಯಾಣಿಕರಿಗೆ ಹೊಸದೇನಲ್ಲ. ಗಣೇಶನ ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುವ ಖಾಸಗಿ ಬಸ್ಸಿನ ಟಿಕೆಟ್ ಕೊಂಡವರಿಗೆಲ್ಲ ಅದು ಗೊತ್ತು. ವ್ಯತ್ಯಾಸವೆಂದರೆ, ಹಬ್ಬ ಕಳೆದು ದರ ಇಳಿದ ಬಸ್ಸೂ ಹುಬ್ಬಳ್ಳಿಯವರೆಗೆ ಹೋಗಿಯೇ ಹೋಗುತ್ತದೆ. ದರ ಇಳಿದ ಉದ್ಯಾನದ ವಿಷಯದಲ್ಲಿ ಹಾಗೆ ಹೇಳಲಾಗದು.

ಯಂತ್ರಕ್ಕೂ ಬೇಕು ವಾರದ ರಜೆ

ಆರಂಭದ ದಶಕಗಳಲ್ಲಿ ಡಿಸ್ನಿಲ್ಯಾಂಡ್ ವರ್ಷದ ಎಲ್ಲ ದಿನವೂ ತೆರೆದಿರುತ್ತಿರಲಿಲ್ಲ. ಜನ ಕಡಿಮೆ ಇರುವ ತಿಂಗಳುಗಳಲ್ಲಿ ಸೋಮವಾರ, ಮಂಗಳವಾರಗಳಂದು ಬಾಗಿಲು ಹಾಕುತ್ತಿತ್ತು. ಖರ್ಚು ಉಳಿಸುವುದು ಇದರ ಮುಖ್ಯ ಉದ್ದೇಶವಾಗಿದ್ದರೂ, ಯಂತ್ರಗಳಿಗೆ ಎರಡು ಹಗಲಿನ ವಿರಾಮ ತಾನಾಗಿ ಸಿಗುತ್ತಿತ್ತು. 1985ರ ಫೆಬ್ರುವರಿಯಿಂದ ಉದ್ಯಾನ ವರ್ಷದ 365 ದಿನವೂ ತೆರೆಯತೊಡಗಿತು. ಅಲ್ಲಿಗೆ ಆ ವಿರಾಮ ಕೊನೆಗೊಂಡಿತು.

ಓಹಿಯೋ ರಾಜ್ಯದ ಸೀಡರ್ ಪಾಯಿಂಟ್‌ನಂಥ ಉತ್ತರದ ಉದ್ಯಾನಗಳಿಗೆ ಈ ತೊಡಕಿಲ್ಲ. ಹಿಮ ಬೀಳುವ ತಿಂಗಳುಗಳಲ್ಲಿ ಅವು ಮುಚ್ಚಿರಲೇಬೇಕು. ರೋಲರ್ ಕೋಸ್ಟರ್‌ಗಳ ಬೋಗಿಗಳನ್ನು ಬಿಚ್ಚಿ, ಚಕ್ರ ಮತ್ತು ಅಚ್ಚುಗಳನ್ನು ಪರೀಕ್ಷಿಸಿ, ಲೋಹದೊಳಗೆ ಕಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕಿ, ಮತ್ತೆ ಜೋಡಿಸಲು ಅಲ್ಲಿ ಇಡೀ ಚಳಿಗಾಲ ಲಭ್ಯ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಿಮವೂ ಇಲ್ಲ, ಹಿಮ ತರುವ ಬಿಡುವೂ ಇಲ್ಲ. ದಿನನಿತ್ಯದ ತಪಾಸಣೆ ರಾತ್ರಿ ಬಾಗಿಲು ಮುಚ್ಚಿದ ಬಳಿಕ ನಡೆಯುತ್ತದೆ. ಆದರೆ ಹಳಿ ಬದಲಿಸುವ, ಬೋಗಿ ಬಿಚ್ಚುವ, ಕಾಲುವೆಯ ನೀರು ಬಸಿದು ತಳ ಸರಿಪಡಿಸುವ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುವಂಥದ್ದಲ್ಲ. ಅಂಥ ದುರಸ್ತಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತದೆ. ಸ್ಪೇಸ್ ಮೌಂಟನ್ ರೋಲರ್ ಕೋಸ್ಟರ್ 2003ರ ಏಪ್ರಿಲ್‌ನಿಂದ 2005ರ ಜುಲೈವರೆಗೆ ಮುಚ್ಚಿತ್ತು. ಬಿಗ್ ಥಂಡರ್ ಮೌಂಟನ್ ಹಳಿ ಬದಲಾವಣೆಗೆಂದು 2013ರ ಜನವರಿಯಲ್ಲಿ ನಿಂತು, ಮತ್ತೆ ಓಡಿದ್ದು 2014ರ ಮಾರ್ಚ್‌ನಲ್ಲಿ.

ಈ ಕೆಲಸಗಳಿಗೆ ಉಳಿದಿರುವುದು ಜನ ವಿರಳವಾದ ವಾರಗಳು ಮಾತ್ರ. ಆ ವಾರಗಳೂ ವರ್ಷದಿಂದ ವರ್ಷಕ್ಕೆ ಕರಗುತ್ತಿವೆ. ಸೆಪ್ಟೆಂಬರ್, ಅಕ್ಟೋಬರ್‌ಗಳನ್ನು ಹ್ಯಾಲೊವೀನ್ ಆಚರಣೆ ತುಂಬಿದೆ. ನವೆಂಬರ್, ಡಿಸೆಂಬರ್‌ಗಳು ಕ್ರಿಸ್‌ಮಸ್‌ಗೆ ಮೀಸಲು. ಜನವರಿ-ಫೆಬ್ರುವರಿಯ ನಡುವೆ ಚಾಂದ್ರಮಾನ ಹೊಸ ವರ್ಷದ ಉತ್ಸವ, ವಸಂತದಲ್ಲಿ ಆಹಾರ ಮೇಳ, ಬಳಿಕ ಶಾಲೆಗಳ ಬೇಸಿಗೆ ರಜೆ. ಜನ ಬಾರದ ದಿನಗಳಿಗೆ ಜನರನ್ನು ತರಬೇಕೆಂಬುದೇ ಉತ್ಸವಗಳ ಗುರಿ. ಅಗ್ಗದ ದರದ ಗುರಿಯೂ ಅದೇ. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನ. ಆದರೆ ಅದೇ ದಿನಗಳು ಯಂತ್ರಗಳ ಪಾಲಿಗೆ ವಿಶ್ರಾಂತಿಯ ದಿನಗಳಾಗಿದ್ದವು.

ಅಗ್ಗದ ದಿನ, ಅರೆ ಉದ್ಯಾನ

ಪರಿಣಾಮ ಕ್ಯಾಲೆಂಡರಿನಲ್ಲೇ ಕಾಣುತ್ತದೆ. ಹಾಂಟೆಡ್ ಮ್ಯಾನ್ಶನ್ ಎಂಬ ಜನಪ್ರಿಯ ಆಟ 2001ರಿಂದ ಹಬ್ಬದ ಅಲಂಕಾರ ತೊಡಲು ಬೇಸಿಗೆ ರಜೆಯ ಕೊನೆಯಲ್ಲೊಮ್ಮೆ, ಕಳಚಲು ಜನವರಿಯಲ್ಲೊಮ್ಮೆ ಮುಚ್ಚುತ್ತದೆ. 'ಇಟ್ಸ್ ಎ ಸ್ಮಾಲ್ ವರ್ಲ್ಡ್' ದೋಣಿ ವಿಹಾರದ ಕ್ರಿಸ್‌ಮಸ್ ಅಲಂಕಾರ ಇಳಿಯುವುದೂ ಜನವರಿಯಲ್ಲೇ. ಪಕ್ಕದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಉದ್ಯಾನದ ಗ್ರಿಜ್ಲಿ ರಿವರ್ ರನ್‌ನಂಥ ನೀರಿನ ಆಟಗಳ ದುರಸ್ತಿಗೂ ಚಳಿಗಾಲವೇ ಅನುಕೂಲ. ಹಬ್ಬದ ರಜೆ ಮುಗಿದು ಟಿಕೆಟ್ ಅಗ್ಗವಾಗುವುದೂ ಇಂಥ ವಾರಗಳಲ್ಲೇ.

ಹೀಗೆ ಕಡಿಮೆ ದರದ ಟಿಕೆಟ್ ಕೊಂಡವನಿಗೆ ಮುಚ್ಚಿದ ಬಾಗಿಲುಗಳೂ ಟಿಕೆಟ್ಟಿನ ಜೊತೆಗೇ ಬರುತ್ತವೆ. ಯಾವ ಆಟ ಎಂದು ಮುಚ್ಚಿರುತ್ತದೆ ಎಂಬುದನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಮುಂಚಿತವಾಗಿ ಪ್ರಕಟಿಸುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಟಿಕೆಟಿನ ದರ ನಿರ್ಧಾರವಾಗುವುದು ಎಷ್ಟು ಜನ ಬರಬಹುದು ಎಂಬ ಅಂದಾಜಿನ ಮೇಲೆ. ಎಷ್ಟು ಆಟ ನಡೆಯುತ್ತದೆ ಎಂಬುದರ ಮೇಲಲ್ಲ. ತಿಂಗಳುಗಳ ಮುಂಚೆ ವಿಮಾನದ ಟಿಕೆಟ್ ಕಾಯ್ದಿರಿಸುವ ದೂರದ ಪ್ರವಾಸಿಗನಿಗೆ, ಕೊನೆಯ ವಾರಗಳಲ್ಲಿ ಸಿಗುವ ಮಾಹಿತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇನ್ನೊಂದು ಹೊರೆಯೂ ಇದೆ. ಸರದಿಯಲ್ಲಿ ಬಹಳ ಹೊತ್ತು ನಿಲ್ಲದೆ ಒಳಹೋಗಲು ಅವಕಾಶವಿತ್ತಿದ್ದ ಫಾಸ್ಟ್‌ಪಾಸ್ ಸೌಲಭ್ಯ 1999ರಲ್ಲಿ ಬಂದಾಗ ಉಚಿತವಾಗಿತ್ತು. ಕೊರೊನಾ ಕಾಲದಲ್ಲಿ, ಅಂದರೆ 2020ರ ಮಾರ್ಚ್‌ನಿಂದ 2021ರ ಏಪ್ರಿಲ್ ಅಂತ್ಯದವರೆಗೆ ಉದ್ಯಾನ ಮುಚ್ಚಿದ್ದ ನಂತರ ಅದು ಮರಳಲಿಲ್ಲ. ಅದರ ಜಾಗಕ್ಕೆ 2021ರ ಡಿಸೆಂಬರ್‌ನಲ್ಲಿ ಹಣ ತೆರಬೇಕಾದ ವ್ಯವಸ್ಥೆ ಬಂತು. ಒಂದೆರಡು ದೊಡ್ಡ ಆಟಗಳು ನಿಂತರೆ ಉಳಿದವುಗಳ ಸರದಿ ಉದ್ದವಾಗುತ್ತದೆ. ಸರದಿ ಉದ್ದವಾದಷ್ಟೂ ಸರದಿ ತಪ್ಪಿಸುವ ಪಾಸಿಗೆ ಬೇಡಿಕೆ ಹೆಚ್ಚುತ್ತದೆ. ದುಡ್ಡಿದ್ದವನೇ ದೊಡ್ಡಪ್ಪ ಎಂಬ ಮಾತು ಮಕ್ಕಳ ಆಟದ ಅಂಗಳದಲ್ಲೂ ನಿಜವಾಗುವುದು ಹೀಗೆ.

ಮುಚ್ಚಿದ ಬಾಗಿಲು ತಪ್ಪಲ್ಲ

ಹಾಗೆಂದು ದುರಸ್ತಿಯನ್ನೇ ದೂರುವುದು ಅಪಾಯಕಾರಿ. 2003ರ ಸೆಪ್ಟೆಂಬರ್ 5ರಂದು ಇದೇ ಡಿಸ್ನಿಲ್ಯಾಂಡ್‌ನ ಬಿಗ್ ಥಂಡರ್ ಮೌಂಟನ್‌ನಲ್ಲಿ ರೈಲು ಹಳಿ ತಪ್ಪಿ 22 ವರ್ಷದ ಯುವಕನೊಬ್ಬ ಮೃತಪಟ್ಟ. ಹತ್ತು ಮಂದಿ ಗಾಯಗೊಂಡರು. ತನಿಖೆ ನಡೆಸಿದ ರಾಜ್ಯದ ಸುರಕ್ಷತಾ ಇಲಾಖೆ ಬೆಟ್ಟುಮಾಡಿದ್ದು ನಿರ್ವಹಣೆಯ ಲೋಪವನ್ನು. ಚಕ್ರದ ಜೋಡಣೆಯಲ್ಲಿ ಬೋಲ್ಟ್‌ಗಳನ್ನು ಸರಿಯಾಗಿ ಬಿಗಿದಿರಲಿಲ್ಲ, ಅವು ಸಡಿಲವಾಗದಂತೆ ತಡೆಯುವ ಸುರಕ್ಷತಾ ತಂತಿಯನ್ನು ಹಾಕಿರಲಿಲ್ಲ. ವೆಚ್ಚ ಕಡಿತವೇ ಇದಕ್ಕೆ ಕಾರಣವೇ ಎಂಬ ಚರ್ಚೆ ಆಗ ಬಿಸಿಯೇರಿತ್ತು. ಕಂಪನಿ ಅದನ್ನು ಅಲ್ಲಗಳೆಯಿತು. ಕಾರಣ ಏನೇ ಇರಲಿ, ಒಂದು ತುಂಡು ತಂತಿಯ ಬೆಲೆ ಎಷ್ಟೆಂಬುದು ಅಂದು ಜಗತ್ತಿಗೆ ತಿಳಿಯಿತು.

ಅದಕ್ಕೂ ಮುಂಚೆ, 1998ರ ಡಿಸೆಂಬರ್ 24ರಂದು, ಇಲ್ಲಿನ ಕೊಲಂಬಿಯಾ ಹಡಗು ದಡ ಸೇರುವಾಗ ಹಗ್ಗದ ಸೆಳೆತಕ್ಕೆ ಲೋಹದ ಗೂಟ ಕಿತ್ತುಬಂದು ದಡದಲ್ಲಿದ್ದ ಪ್ರವಾಸಿಯೊಬ್ಬರು ಸಾವಿಗೀಡಾಗಿದ್ದರು. ಅಲ್ಲಿಯವರೆಗೆ ಊರೂರು ತಿರುಗುವ ಮೇಳದ ಆಟಗಳಿಗೆ ಸರ್ಕಾರಿ ತಪಾಸಣೆ ಇತ್ತೇ ಹೊರತು ಶಾಶ್ವತ ಉದ್ಯಾನಗಳಿಗೆ ಇರಲಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನು ತಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನಬಹುದಾದರೂ, ಬಾಗಿಲನ್ನಂತೂ ಹಾಕಲಾಯಿತು. ಫ್ಲಾರಿಡಾದಲ್ಲಿ ಸಾವಿರಕ್ಕೂ ಹೆಚ್ಚು ನೌಕರರು ಮತ್ತು ಸ್ವಂತ ತಪಾಸಕರಿರುವ ದೊಡ್ಡ ಉದ್ಯಾನಗಳಿಗೆ ರಾಜ್ಯದ ತಪಾಸಣೆಯಿಂದ ವಿನಾಯಿತಿ ನೀಡಲಾಗಿದೆ.

ಆದ್ದರಿಂದ 'ದುರಸ್ತಿಗಾಗಿ ಮುಚ್ಚಿದೆ' ಎಂಬ ಫಲಕ ನಿರಾಸೆ ತಂದರೂ ಅದು ಕಾಳಜಿಯ ಗುರುತು. ಆತಂಕ ಪಡಬೇಕಾದದ್ದು ಆ ಫಲಕ ಕಂಡಾಗಲ್ಲ, 224 ಡಾಲರ್ ತೆರುವ ದಿನಗಳು ಹೆಚ್ಚುತ್ತ ಹೋಗಿ ಆ ಫಲಕ ಹಾಕಲು ದಿನಗಳೇ ಉಳಿಯದಿದ್ದಾಗ.

ನಮಗೇನು ಪಾಠ?

2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆದ ಮೇಲೆ ರೋಲರ್ ಕೋಸ್ಟರ್ ಕರ್ನಾಟಕದ ಮಧ್ಯಮ ವರ್ಗಕ್ಕೂ ಪರಿಚಿತವಾಯಿತು. ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು ದರ ಎಂಬುದು ಇಲ್ಲಿಯೂ ರೂಢಿಯಲ್ಲಿದೆ. ಇಲ್ಲಿನ ಜನದಟ್ಟಣೆಯನ್ನು ನಿರ್ಧರಿಸುವುದು ಶಾಲೆಯ ಪರೀಕ್ಷೆ, ಬೇಸಿಗೆ ರಜೆ ಮತ್ತು ದಸರಾ. ದಿನ ನೋಡಿ ದರ ಕಟ್ಟುವ ಅಮೆರಿಕದ ಲೆಕ್ಕಾಚಾರ ಇಲ್ಲಿ ಇನ್ನಷ್ಟು ಬೇರೂರುವುದು ಅಸಂಭವವೇನಲ್ಲ. ಆಗ ಗ್ರಾಹಕರು ಕೇಳಬೇಕಾದ ಪ್ರಶ್ನೆ 'ಟಿಕೆಟ್ ಎಷ್ಟು' ಎಂಬುದೊಂದೇ ಅಲ್ಲ. ಅಂದು ಯಾವ ಆಟಗಳು ನಡೆಯುತ್ತವೆ, ನಿಂತಿರುವ ಆಟಗಳ ಪಟ್ಟಿ ಹಣ ಪಾವತಿಸುವ ಮುಂಚೆಯೇ ಕಣ್ಣಿಗೆ ಬೀಳುತ್ತದೆಯೇ, ಬಹುಪಾಲು ಆಟಗಳು ನಿಂತ ದಿನ ದರದಲ್ಲಿ ಕಡಿತವುಂಟೇ ಎಂದೂ ಕೇಳಬೇಕು.

ಜಾತ್ರೆಗೆ ಮುನ್ನ ತೇರಿನ ಗಾಲಿ, ಅಚ್ಚು, ಹಗ್ಗಗಳನ್ನು ಪರೀಕ್ಷಿಸದೆ ಯಾವ ಊರಿನ ಹಿರಿಯರೂ ತೇರು ಎಳೆಯಗೊಡುವುದಿಲ್ಲ. ವರ್ಷಕ್ಕೊಮ್ಮೆ ಎಳೆಯುವ ತೇರಿಗೇ ಇಷ್ಟು ಎಚ್ಚರ ಬೇಕಾದರೆ, ದಿನವೂ ನೂರಾರು ಬಾರಿ ಓಡುವ ರೈಲಿಗೆ ಎಷ್ಟು ಬೇಕು? ಆ ಎಚ್ಚರಕ್ಕೆ ಬೇಕಾದ ಬಿಡುವನ್ನು ಕ್ಯಾಲೆಂಡರಿನಲ್ಲಿ ಮೊದಲು ಗುರುತಿಸಿ, ದರಪಟ್ಟಿಯನ್ನು ಆಮೇಲೆ ಬರೆಯುವುದು ಸರಿಯಾದ ಕ್ರಮ. ಡಿಸ್ನಿಲ್ಯಾಂಡ್‌ನಲ್ಲಿ ಈಗ ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧವಾಗಿ ಕಾಣುತ್ತಿದೆ.