ಟಿಕೆಟ್ ಉಚಿತ, ಆದರೆ ಬಸ್ಸೆಲ್ಲಿ?

ಮಂಗಳೂರಿನ ಬಟ್ಟೆಯಂಗಡಿಗಳಲ್ಲಿ ದುಡಿಯುವ ಮಹಿಳೆಯರನ್ನು ರಾತ್ರಿ ಎಂಟು ಗಂಟೆಯ ಬಳಿಕ ಗಮನಿಸಿ. ಕೈ ಬಟ್ಟೆ ಮಡಚುತ್ತಿದ್ದರೂ ಕಣ್ಣು ಗಡಿಯಾರದ ಮೇಲಿರುತ್ತದೆ. ಊರಿನ ಕೊನೆಯ ಬಸ್ಸು ತಪ್ಪಿದರೆ ರಿಕ್ಷಾ ಹಿಡಿಯಬೇಕು. ದಿನದ ದುಡಿಮೆಯ ದೊಡ್ಡ ಪಾಲು ರಿಕ್ಷಾಕ್ಕೇ ಸಂದರೆ ಆಕೆ ಮನೆಗೆ ಒಯ್ಯುವುದಾದರೂ ಏನನ್ನು?

2023ರ ಜೂನ್ 11ರಂದು ರಾಜ್ಯ ಸರಕಾರವು ಶಕ್ತಿ ಯೋಜನೆಯನ್ನು ಆರಂಭಿಸಿತು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. 2025ರ ಜುಲೈಯಲ್ಲಿ ಈ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. 'ಬಿಟ್ಟಿ ಭಾಗ್ಯ' ಎಂದು ಗೇಲಿ ಮಾಡಿದವರಿಗೆ ಈ ಸಂಖ್ಯೆಯೇ ಉತ್ತರ. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವವಳ ಪಾಲಿಗೆ ಉಳಿದ ಟಿಕೆಟ್ ಹಣವೆಂದರೆ ಅದು ಏರಿದ ಸಂಬಳ.

ಆದರೆ ಉಚಿತ ಟಿಕೆಟಿಗೆ ಮೊದಲು ಸರಕಾರಿ ಬಸ್ಸು ಬೇಕಲ್ಲವೇ? ಪುತ್ತೂರು, ಸುಳ್ಯದ ಕಡೆ ಅದು ಇದೆ. ಮಂಗಳೂರು ನಗರದಲ್ಲಿ, ಉಡುಪಿಯಲ್ಲಿ ರಸ್ತೆ ಬಹುಮಟ್ಟಿಗೆ ಖಾಸಗಿ ಬಸ್ಸುಗಳದ್ದು. ಅಲ್ಲಿ ಶಕ್ತಿಗೆ ಪ್ರವೇಶವಿಲ್ಲ. ಒಂದೇ ರಾಜ್ಯದ, ಒಂದೇ ಬಡತನದ ಇಬ್ಬರು ಮಹಿಳೆಯರಲ್ಲಿ ಒಬ್ಬಳಿಗೆ ಪ್ರಯಾಣ ಉಚಿತ, ಇನ್ನೊಬ್ಬಳಿಗೆ ಪೂರ್ಣ ದರ. ಇನ್ನು ಶಕ್ತಿಯ ಹೊರಗಿರುವ ಗಂಡಸು ಕೂಲಿಯಾಳಿಗೆ ಸರಕಾರಿ ಬಸ್ಸಿನಲ್ಲೂ ನೆಮ್ಮದಿಯಿಲ್ಲ. 2025ರ ಜನವರಿ 5ರಿಂದ ಅದರ ದರವೂ ಶೇ. 15ರಷ್ಟು ಏರಿತು.

ಹಾಗಂತ ಖಾಸಗಿ ಮಾಲಕರನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಡೀಸೆಲ್, ತೆರಿಗೆ, ವಿಮೆಯ ಖರ್ಚನ್ನು ಅವರು ಟಿಕೆಟಿನಿಂದಲೇ ತುಂಬಿಸಬೇಕು. ಖಾಲಿ ಓಡುವ ರಾತ್ರಿಯ ಟ್ರಿಪ್ಪು ಅವರಿಗೆ ನಷ್ಟ. ಆದರೆ ಪರ್ಮಿಟ್ ನೀಡುವ ಅಧಿಕಾರ ಸಾರಿಗೆ ಪ್ರಾಧಿಕಾರದ್ದು. ವೇಳಾಪಟ್ಟಿಯ ಪಾಲನೆಯೂ ಪರ್ಮಿಟ್‌ನ ಶರತ್ತು. ಹಗಲಿನ ಲಾಭದ ಟ್ರಿಪ್ಪುಗಳನ್ನು ಓಡಿಸಿ, ಮುಂಜಾನೆಯ ಮತ್ತು ರಾತ್ರಿಯ ಟ್ರಿಪ್ಪುಗಳನ್ನು ರದ್ದು ಮಾಡಿದರೆ ಕೇಳಬೇಕಾದವರು ಯಾರು? ನಿಗಮಗಳಿಗೆ ಶೂನ್ಯ ಟಿಕೆಟಿನ ಹಣವನ್ನು ತುಂಬಿಕೊಡುವ ಸರಕಾರವು, ಸರಕಾರಿ ಬಸ್ಸಿಲ್ಲದ ಮಾರ್ಗಗಳಲ್ಲಿ ಒಂದೋ ಹೊಸ ಬಸ್ಸು ಓಡಿಸಲಿ, ಇಲ್ಲವೇ ಖಾಸಗಿ ಬಸ್ಸಿನಲ್ಲಿ ದುಡಿಯುವವರ ಮಾಸಿಕ ಪಾಸಿನ ಒಂದು ಪಾಲನ್ನು ಭರಿಸಲಿ.

ಸರಕಾರಕ್ಕೆ ಕೇಳುವ ಪ್ರಶ್ನೆಯಲ್ಲಿ ಒಂದನ್ನು ನಮಗೂ ಕೇಳಿಕೊಳ್ಳೋಣ. ಪೇಟೆಯ ಅಂಗಡಿ ಮಾಲಕರಲ್ಲಿ ನಮ್ಮವರೂ ಇದ್ದಾರೆ. ಕೊನೆಯ ಬಸ್ಸು ಎಂಟೂಮುಕ್ಕಾಲಿಗೆ ಹೊರಡುತ್ತದೆಂದು ತಿಳಿದೂ ಒಂಬತ್ತರವರೆಗೆ ಆಳನ್ನು ನಿಲ್ಲಿಸಿಕೊಳ್ಳುವುದು ಯಾವ ನ್ಯಾಯ? ಅರ್ಧ ಗಂಟೆ ಮೊದಲು ಬಿಟ್ಟರೆ ವ್ಯಾಪಾರ ಮುಳುಗುವುದಿಲ್ಲ. ಬಿಡಲಾಗದಿದ್ದರೆ ನಾಲ್ಕು ಅಂಗಡಿಯವರು ಸೇರಿ ಒಂದು ವ್ಯಾನು ಗೊತ್ತುಮಾಡಬಹುದು. ಮದುವೆಯ ದಿಬ್ಬಣಕ್ಕೆ ಸಾಲುಸಾಲು ಬಸ್ಸು ಹೊರಡಿಸುವ ಊರಿನಲ್ಲಿ, ದುಡಿದು ದಣಿದವರನ್ನು ಮನೆ ಸೇರಿಸಲು ಒಂದು ವ್ಯಾನು ಹೊರೆಯಾಗದು.

ಕೆಲಸ ಕೊಟ್ಟರಷ್ಟೇ ಸಾಲದು. ಕೆಲಸಕ್ಕೆ ಬರುವ ದಾರಿಯನ್ನೂ ಮರಳಿ ಮನೆ ಸೇರುವ ದಾರಿಯನ್ನೂ ಕೊಡಬೇಕು.