ಹುಡುಗಿಯರ ಕೈಗೆ ಬಾರದ ಯಂತ್ರ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈ ವರುಷ ಶಾಲೆಗೆ ಕಾಣಿಕೆ ಕೊಡಲಿಚ್ಛಿಸಿ, ಪ್ರತಿ ತರಗತಿಗೂ ಸ್ಮಾರ್ಟ್ ಬೋರ್ಡು ಹಾಕಿಸುವ ಮಾತನ್ನೆತ್ತಿದ್ದಾರೆ. ಅವರ ಪ್ರೀತಿಗೆ ನಾವು ಋಣಿಗಳು. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವದು ಕರ್ತವ್ಯವೆಂದೆಣಿಸುತ್ತೇನೆ.

ಯಂತ್ರವು ಮಿಶನ್ ಶಾಲೆಗಳಿಗೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಅಲ್ಲಿಯೇ ಅಚ್ಚಾಯಿತು. ಬಡವರ ಮಗಳ ಚೀಲಕ್ಕೂ ಪಾಠಪುಸ್ತಕವು ಬಂದದ್ದು ಅಚ್ಚಿನ ಯಂತ್ರದಿಂದಲೇ. ಆ ಪುಸ್ತಕವು ಅವಳದೇ, ಬೇಕಾದಾಗ ತೆರೆಯಬಹುದು. ಸ್ಲೇಟೂ ಹಾಗೆಯೇ.

ಮೊಬೈಲ್ ಫೋನಾದರೋ ಅನೇಕ ಮನೆಗಳಲ್ಲಿ ತಂದೆಯ ಸೊತ್ತು. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟ ಮೇಲೆ ಇದರ ಅರ್ಥವು ನಮಗೆ ಚೆನ್ನಾಗಿ ತಿಳಿದುಬಂತು. ತಂದೆಯು ಕೆಲಸದಿಂದ ಬಂದ ಕೂಡಲೆ ಫೋನು ಅಣ್ಣನ ಕೈಗೆ. ಪಾತ್ರೆ ತೊಳೆದಾದ ಮೇಲೆ, ಚಾರ್ಜು ಉಳಿದಿದ್ದರೆ, ತಂಗಿಯ ಕೈಗೆ. ಚಂದನ ದೂರದರ್ಶನದ ಪಾಠಗಳಿಂದ ಉಪಕಾರವಾಯಿತು ನಿಜ; ಟೀವಿಯನ್ನು ಪ್ರಶ್ನೆ ಕೇಳಲಿಕ್ಕೆ ಆಗುವದಿಲ್ಲವಷ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ: ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಪುರುಷರೊಳಗೆ ಒಮ್ಮೆಯಾದರೂ ಇಂಟರ್‌ನೆಟ್ಟನ್ನು ಉಪಯೋಗಿಸಿದವರು ನೂರಕ್ಕೆ 57 ಮಂದಿ, ಸ್ತ್ರೀಯರೊಳಗೆ 33 ಮಂದಿ ಮಾತ್ರ. ಪಾಠಪುಸ್ತಕದ ಪುಟಗಳಲ್ಲಿ ಕ್ಯೂಆರ್ ಗುರುತು ಅಚ್ಚಾಗಿರುತ್ತದೆ. ಫೋನಿಲ್ಲದವಳಿಗೆ ಅದು ಬರೇ ಕಪ್ಪು ಚೌಕ.

ಸ್ಮಾರ್ಟ್ ಬೋರ್ಡಿನಿಂದ ಈ ಕೊರತೆಯು ನೀಗುವದೋ? ಅದನ್ನು ನಡಿಸುವವಳು ಉಪಾಧ್ಯಾಯಿನಿ. ನಲವತ್ತು ಹುಡುಗಿಯರು ಕೈಕಟ್ಟಿ ನೋಡುವವರು. (ಉದ್ಘಾಟನೆಯ ದಿನ ಫೋಟೋಕ್ಕೆ ಅದು ಬಹಳ ಚೆನ್ನಾಗಿರುವದೆಂದು ಒಪ್ಪುತ್ತೇನೆ.) ಅದಕ್ಕಿಂತ ಹತ್ತು ಸಾಧಾರಣ ಕಂಪ್ಯೂಟರುಗಳುಳ್ಳ ಒಂದು ಕೋಣೆಯು ನಮಗೆ ಬೇಕು. ಅದು ಸಾಯಂಕಾಲ ಐದೂವರೆಯ ತನಕ ತೆರೆದಿರಲಿ. ಉಪಾಧ್ಯಾಯಿನಿಯೊಬ್ಬಳು ಜೊತೆಯಲ್ಲಿ ಕೂತಿರಲಿ. ಹುಡುಗಿಯು ತಾನೇ ಬೆರಳಿಟ್ಟು ಹುಡುಕಲಿ, ಬರೆಯಲಿ, ಕೆಡಿಸಿದರೆ ಪುನಃ ಸರಿಮಾಡಲಿ.

ಇದಕ್ಕೆ ಹಣ ಮಾತ್ರ ಸಾಲದು, ಪೋಷಕರೇ. ನಿಮ್ಮ ಮಗಳು ಒಂದು ತಾಸು ತಡವಾಗಿ ಮನೆಗೆ ಬರುವಳು. ನೀರು ತುಂಬಿಸಲಿಕ್ಕೂ ತಮ್ಮನನ್ನು ನೋಡಿಕೊಳ್ಳಲಿಕ್ಕೂ ಆ ತಾಸಿನಲ್ಲಿ ಅವಳನ್ನು ಕರೆಯಕೂಡದು. ಇಂಟರ್‌ನೆಟ್ಟಿನಲ್ಲಿ ಕೆಟ್ಟದ್ದನ್ನು ನೋಡಿಯಾಳೆಂಬ ನಿಮ್ಮ ಭಯವು ನಿರಾಧಾರವಲ್ಲ. ಆದರೆ ಅಣ್ಣನ ಫೋನನ್ನು ಕದ್ದು ನೋಡುವವಳಿಗಿಂತ ಗುರುವಿನ ಕಣ್ಣೆದುರಿನಲ್ಲಿ ಕಲಿಯುವವಳು ಕ್ಷೇಮವಾಗಿರುವಳು.

ಪುಸ್ತಕಭಂಡಾರದ ಪಕ್ಕದ ಕೋಣೆಯು ಖಾಲಿಯಿದೆ. ಮಾಡು ಸೋರುವದಿಲ್ಲ. ವಿದ್ಯುತ್ ತಂತಿಯ ಕೆಲಸವೊಂದೇ ಬಾಕಿ.