‘ನಿಕಾಮಿ’ ಎಂಬ ಪದವನ್ನು ಕುರಿತು

ಕಳೆದ ತಿಂಗಳು ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ಎರವಲು ಪದಗಳ ಪಾಠ ನಡೆದಿತ್ತು. ಸೊಲ್ಲಾಪುರ ಸೀಮೆಯ ಕನ್ನಡದಲ್ಲಿ ಬೆರೆತಿರುವ ಮರಾಠಿ ಪದಗಳನ್ನು ಮನೆಯವರ ಮಾತಿನಿಂದ ಆರಿಸಿ ತರಲು ಹೇಳಿದ್ದೆ. ಒಬ್ಬ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ‘ನಿಕಾಮಿ’ ಎಂಬ ಪದವಿತ್ತು. ವಾಕ್ಯದಲ್ಲಿ ಬಳಸಿ ತೋರಿಸೆಂದಾಗ ಆಕೆ, “ನಮ್ಮ ಮಾವನ ಎರಡೂ ಕಿಡ್ನಿ ನಿಕಾಮಿ ಆಗ್ಯಾವ” ಎಂದಳು. ತರಗತಿ ಒಮ್ಮೆಲೇ ಸ್ತಬ್ಧವಾಯಿತು. ಎಲ್ಲರ ದೃಷ್ಟಿ ನನ್ನ ಎಡತೋಳಿನ ಕಡೆಗೆ ಹೊರಳಿತು. ಆಕೆ ನಾಲಿಗೆ ಕಚ್ಚಿಕೊಂಡು ಕುಳಿತುಬಿಟ್ಟಳು. ಕಚ್ಚಿಕೊಳ್ಳಬೇಕಾದ ಅಗತ್ಯವೇನೂ ಇರಲಿಲ್ಲ. ಉದಾಹರಣೆ ಸರಿಯಾಗಿಯೇ ಇತ್ತು. ಆ ಪದದ ಬಗ್ಗೆ ಅಂದು ಹೇಳಬೇಕೆಂದುಕೊಂಡದ್ದನ್ನು ಗಂಟೆ ಬಾರಿಸಿದ್ದರಿಂದ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರಾಠಿಯಲ್ಲಿ ‘ಕಾಮ’ ಎಂದರೆ ಕೆಲಸ. ‘ನಿಕಾಮಿ’ ಎಂದರೆ ಕೆಲಸಕ್ಕೆ ಬಾರದ್ದು. ನಮ್ಮ ‘ನಿಷ್ಕಾಮ’ಕ್ಕೂ ಇದಕ್ಕೂ ರೂಪದಲ್ಲಿ ಹೋಲಿಕೆಯಿದ್ದರೂ ಅರ್ಥದಲ್ಲಿ ಅಜಗಜಾಂತರ. ಮರಾಠಿ ಪತ್ರಿಕೆಗಳು ಈ ರೋಗದ ಸುದ್ದಿ ಬರೆಯುವಾಗ ‘ಮೂತ್ರಪಿಂಡ ನಿಕಾಮಿ’ ಎನ್ನುತ್ತವೆ. ಕನ್ನಡ ಪತ್ರಿಕೆಗಳು ‘ಮೂತ್ರಪಿಂಡ ವೈಫಲ್ಯ’ ಎನ್ನುತ್ತವೆ. ಜನರ ಬಾಯಲ್ಲಿ ಇವೆರಡೂ ಸವೆದು ‘ಫೇಲ್’ ಆಗಿ ನಿಂತಿವೆ. ಪರೀಕ್ಷೆಯಲ್ಲಾದರೂ ಫೇಲ್ ಆದವನಿಗೆ ಮರುಪರೀಕ್ಷೆಯುಂಟು. ಈ ಫೇಲಿಗೆ ಅದೂ ಇಲ್ಲವೆಂಬ ಭಾವನೆ ಕೇಳಿದವರ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ.

ವಸ್ತುಸ್ಥಿತಿ ಹಾಗಿಲ್ಲ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿರುತ್ತವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳಿಸಿ, ಉಳಿದುದನ್ನು ದೇಹಕ್ಕೇ ಮರಳಿಸುತ್ತವೆ. ಈ ಸೋಸುಕಗಳು ಸಾಮಾನ್ಯವಾಗಿ ವರ್ಷಗಟ್ಟಲೆ ಒಂದೊಂದಾಗಿ ಸೋಲುತ್ತ ಹೋಗುತ್ತವೆ. ವೈದ್ಯರು ಈ ಇಳಿಕೆಯನ್ನು ಐದು ಹಂತಗಳಲ್ಲಿ ಅಳೆಯುತ್ತಾರೆ. ಸೋಸುವ ಪ್ರಮಾಣ ನಿಮಿಷಕ್ಕೆ 15 ಮಿಲಿಲೀಟರಿಗಿಂತ ಕಡಿಮೆಯಾದರೆ ಐದನೆಯ ಹಂತ. ಅಲ್ಲಿಂದಾಚೆಗೆ ಡಯಾಲಿಸಿಸ್ ಇದೆ, ಕಸಿ ಇದೆ. ಶಾಲೆಯ ಪುಸ್ತಕದಲ್ಲಿ ನಾವು ಓದಿದ ‘ಮೂತ್ರಜನಕಾಂಗ’ ಎಂಬ ಹೆಸರೂ ಅರ್ಧಸತ್ಯವೇ. ಈ ಅಂಗ ರಕ್ತದ ಒತ್ತಡವನ್ನು ಹದದಲ್ಲಿಡುತ್ತದೆ, ಕೆಂಪು ರಕ್ತಕಣಗಳು ಹುಟ್ಟಲು ಬೇಕಾದ ಹಾರ್ಮೋನನ್ನು ಕೊಡುತ್ತದೆ, ಮೂಳೆಗೆ ಬೇಕಾದ ‘ಡಿ’ ಜೀವಸತ್ವವನ್ನು ಪಕ್ವಗೊಳಿಸುತ್ತದೆ. ಆದ್ದರಿಂದಲೇ ನಮ್ಮಂಥವರಿಗೆ ಎರಡು ಮಹಡಿ ಹತ್ತಿದರೆ ಏದುಸಿರು ಬರುವುದು. ಅದು ರಕ್ತಹೀನತೆ, ಮೈಗಳ್ಳತನವಲ್ಲ.

ನನ್ನ ತಕರಾರು ಇರುವುದು ಈ ಪದ ಅಂಗದಿಂದ ಮನುಷ್ಯನ ಮೇಲೆ ಜಾರಿಬೀಳುವ ಬಗೆಗೆ. ಕೆಟ್ಟದ್ದು ಮೂತ್ರಪಿಂಡ, ನಿಕಾಮಿಯಾಗುವುದು ಮಾತ್ರ ಅದನ್ನು ಹೊತ್ತ ಮನುಷ್ಯ. ಈ ಪರಿವರ್ತನೆಯನ್ನು ಮಾಡುವವರು ವೈರಿಗಳಲ್ಲ, ನಮ್ಮನ್ನು ಪ್ರೀತಿಸುವವರೇ.

ಮೂರು ವರ್ಷಗಳ ಹಿಂದೆ ನನಗೆ ಡಯಾಲಿಸಿಸ್ ಆರಂಭವಾಯಿತು. ಮಂಗಳವಾರ, ಗುರುವಾರ, ಶನಿವಾರ, ಪ್ರತಿಸಲ ನಾಲ್ಕು ತಾಸು. ಮೊದಲ ತಿಂಗಳಲ್ಲಿಯೇ ಹಿತೈಷಿಗಳು ನನ್ನ ತರಗತಿಗಳನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡರು. “ಸರ, ನೀವು ಆರಾಮ ಮಾಡ್ರಿ, ನಾವೆಲ್ಲಾ ನೋಡಕೋತೀವಿ” ಎಂದರು. ಮನೆಯಲ್ಲಿ ಹಾಲಿನ ಲೆಕ್ಕ ನನ್ನ ಕೈತಪ್ಪಿತು, ಕರೆಂಟ್ ಬಿಲ್ಲು ಕೈತಪ್ಪಿತು. ತಮ್ಮನ ಮಗಳಿಗೆ ವರ ನೋಡಲು ಹೋದ ಸುದ್ದಿ ಅವರು ನೋಡಿಕೊಂಡು ಬಂದ ಮೇಲೆ ನನಗೆ ತಿಳಿಯಿತು. “ನಿನಗ್ಯಾಕ ತ್ರಾಸು ಅಂತ ಹೇಳಲಿಲ್ಲೋ ಅಣ್ಣಾ” ಎಂದ ತಮ್ಮ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಆ ಎರಡು ತಿಂಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಮುಂದಿನ ಡಯಾಲಿಸಿಸ್ಸಿಗೆ ಎಷ್ಟು ತಾಸು ಉಳಿದಿದೆ ಎಂದು ಗೋಡೆಯ ಗಡಿಯಾರ ನೋಡುವುದೊಂದೇ. ಬದುಕಿನಲ್ಲಿ ತೆರವಾದ ಜಾಗವನ್ನೆಲ್ಲ ರೋಗ ಆಕ್ರಮಿಸಿಕೊಂಡಿತು. ಮೂತ್ರಪಿಂಡ ಕೆಲಸ ನಿಲ್ಲಿಸಿದ ಮೇಲೂ ನಾನು ನಿಕಾಮಿಯಾಗಿರಲಿಲ್ಲ. ಈ ಎರಡು ತಿಂಗಳಲ್ಲಿ ಆದೆ.

ನನಗೆ ಬೇಕಾಗಿದ್ದುದು ರಜೆಯಲ್ಲ, ವೇಳಾಪಟ್ಟಿ. ಸೋಮವಾರ, ಬುಧವಾರ, ಶುಕ್ರವಾರದ ಹಳಗನ್ನಡ ತರಗತಿಗಳನ್ನು ಕೇಳಿ ಮರಳಿ ಪಡೆದೆ. ಕೊಡಲು ಅವರಿಗೆ ಮನಸ್ಸಿರಲಿಲ್ಲ. ನಡುವೆ ಕುಸಿದರೆ ಏನು ಗತಿ ಎಂಬ ಅವರ ಅಂಜಿಕೆ ನಿರಾಧಾರವೂ ಆಗಿರಲಿಲ್ಲ; ಒಂದು ಸಲ ಪಾಠದ ಮಧ್ಯೆ ತಲೆಸುತ್ತಿ ಕುರ್ಚಿ ಹಿಡಿದು ಕುಳಿತದ್ದುಂಟು. ಆದರೆ ಗುರುವಾರದ ನಾಲ್ಕು ತಾಸು ಈಗ ಶುಕ್ರವಾರದ ಪಾಠದ ಸಿದ್ಧತೆಯ ವೇಳೆ. ಎಡತೋಳಿನಲ್ಲಿ ಸೂಜಿ, ಬಲಗೈಯಲ್ಲಿ ಪುಸ್ತಕ. ನಿಮ್ಮ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ್ದೂ ಅಲ್ಲಿಯೇ. ಅಂಕ ಕಡಿಮೆ ಬಂದವರು ದಯವಿಟ್ಟು ಯಂತ್ರವನ್ನು ದೂರಬಾರದು.

ಕೆಲಸದಿಂದ ರೋಗ ಗುಣವಾಗುತ್ತದೆಂದು ನಾನು ಹೇಳುತ್ತಿಲ್ಲ. ಪಾಠ ಮಾಡಿದರೆ ಕ್ರಿಯಾಟಿನಿನ್ ಇಳಿಯುವುದಿಲ್ಲ. ‘ಸದಾ ನಗುನಗುತ್ತ ಇರಿ, ಎಲ್ಲ ಸರಿಹೋಗುತ್ತದೆ’ ಎಂದು ಉಪದೇಶಿಸುವವರನ್ನು ಕಂಡರೆ ಅವರಿಗೊಂದು ಬೇಸಿಗೆಯ ದಿನ ನನ್ನ ನೀರಿನ ಬಾಟಲಿಯನ್ನು ಕೊಡಬೇಕೆನಿಸುತ್ತದೆ. ನನಗೆ ದಿನಕ್ಕೆ 800 ಮಿಲಿಲೀಟರ್. ಚಹಾ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರೊಳಗೇ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ಸಂಸ್ಕಾರ. ಕೊಟ್ಟ ನೀರನ್ನು ಬೇಡವೆನ್ನುವುದು ಒರಟುತನ. ಆ ಒರಟುತನವನ್ನು ನಾನು ದಿನವೂ ಮಾಡಬೇಕು. ರೊಟ್ಟಿಯ ಜೊತೆ ಶೇಂಗಾ ಹಿಂಡಿ ದೂರವಾಯಿತು, ಉಪ್ಪಿನಕಾಯಿ, ಹಪ್ಪಳ ದೂರವಾದವು, ಎಳನೀರು ವಿಷಕ್ಕೆ ಸಮವಾಯಿತು. ಇವುಗಳ ನಡುವೆ ಆಶೆ ಎಂಬುದು ಭಾವನೆಯಾಗಿ ಉಳಿಯಲಾರದು. ಅದಕ್ಕೊಂದು ವಾರ, ಒಂದು ತಾಸು, ಒಂದು ಕೆಲಸ ಗೊತ್ತಾಗಿರಬೇಕು. ನಡಿಗೆಯೂ ಹಾಗೆಯೇ. ಮಲಗಿದಷ್ಟೂ ಸ್ನಾಯು ಕರಗುತ್ತದೆ. ದೇಹ ತಾಳುವಂತಿದ್ದರೆ ವಾರಕ್ಕೆ 150 ನಿಮಿಷದ ಹದವಾದ ಚಟುವಟಿಕೆ ಇರಲೆಂದು ಈ ರೋಗದ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ಸಂಜೆ ಮೈದಾನದಲ್ಲಿ ನಾನು ಸುತ್ತುಹಾಕುವುದನ್ನು ಕಂಡು “ಸರ, ಸುಮ್ಮನ ಕೂಡಬಾರದೇನ್ರಿ” ಎನ್ನುವ ನಿಮಗೆ ಇದೇ ಉತ್ತರ.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಜಯಪ್ರಕಾಶ ನಾರಾಯಣರು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ ಅವರನ್ನು ಬಂಧಿಸಿ ಚಂಡೀಗಡದಲ್ಲಿ ಇರಿಸಿದರು. ನವೆಂಬರಿನಲ್ಲಿ ಹೊರಬಂದಾಗ ಅವರ ಮೂತ್ರಪಿಂಡಗಳು ಕೆಟ್ಟಿದ್ದವು. ಮುಂಬಯಿಯ ಜಸಲೋಕ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆರಂಭವಾಯಿತು. ಮುಂದೆ ಅದಿಲ್ಲದೆ ಅವರು ಬದುಕುವಂತಿರಲಿಲ್ಲ. 1977ರಲ್ಲಿ ಚುನಾವಣೆ ಘೋಷಣೆಯಾದಾಗ ಅವರಿಗೆ 74 ವರ್ಷ. ಚದುರಿಹೋಗಿದ್ದ ವಿರೋಧ ಪಕ್ಷಗಳನ್ನು ಒಂದುಗೂಡಿಸಿ ಪ್ರಚಾರಕ್ಕೆ ನಿಂತದ್ದು ಆ ವಯಸ್ಸಿನಲ್ಲಿ, ಆ ದೇಹದಲ್ಲಿ. ಅವರ ರಾಜಕಾರಣವನ್ನು ಒಪ್ಪದವರೂ ಇದ್ದಾರೆ, ಇರಲಿ. ದೇಶದ ಅಧಿಕಾರವನ್ನು ಬದಲಿಸಿದ ಒಬ್ಬ ಮನುಷ್ಯನ ಮೂತ್ರಪಿಂಡಗಳು ಆ ಕಾಲದಲ್ಲಿ ‘ನಿಕಾಮಿ’ಯಾಗಿದ್ದವು. 1979ರ ಅಕ್ಟೋಬರ್ 8ರಂದು ಪಾಟ್ನಾದಲ್ಲಿ ತೀರಿಕೊಳ್ಳುವವರೆಗೆ ಸುಮಾರು ನಾಲ್ಕು ವರ್ಷ ಅವರು ಹಾಗೆ ಬದುಕಿದರು. ಇತ್ತೀಚಿನವರಲ್ಲಿ ಸುಷ್ಮಾ ಸ್ವರಾಜ್. 1999ರಲ್ಲಿ ಬಳ್ಳಾರಿಯಲ್ಲಿ ಚುನಾವಣೆಗೆ ನಿಂತು ಕನ್ನಡ ಕಲಿತು ಭಾಷಣ ಮಾಡಿದವರೆಂದು ನಮಗೆ ಅವರು ಪರಿಚಿತರು. 2016ರಲ್ಲಿ ವಿದೇಶಾಂಗ ಸಚಿವೆಯಾಗಿದ್ದಾಗ, ತಾವು ಡಯಾಲಿಸಿಸ್ಸಿನಲ್ಲಿರುವುದನ್ನು ಮುಚ್ಚಿಡದೆ ತಾವೇ ತಿಳಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಕಸಿ ಮಾಡಿಸಿಕೊಂಡು ಮತ್ತೆ ಅದೇ ಹುದ್ದೆಯಲ್ಲಿ ದುಡಿದರು.

ಆದರೆ ದೊಡ್ಡವರ ನಿದರ್ಶನ ತೋರಿಸಿ ಬಡರೋಗಿಗೆ ಧೈರ್ಯ ಹೇಳುವುದರಲ್ಲಿ ಒಂದು ಬಗೆಯ ಕ್ರೌರ್ಯವೂ ಇದೆ. ಜಯಪ್ರಕಾಶರ ಡಯಾಲಿಸಿಸ್ ಯಂತ್ರಕ್ಕಾಗಿ ದೇಶದ ಜನ ದೇಣಿಗೆ ಕೊಟ್ಟರು. ನನ್ನ ಪಕ್ಕದ ಹಾಸಿಗೆಯ ಕಾಕಾ ಅವರಿಗೆ ಯಾರು ಕೊಡಬೇಕು?

ಆ ಕಾಕಾ ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲಿಗರು. ಓದು ನಾಲ್ಕನೆಯ ಇಯತ್ತೆ. ಮೊದಲ ದಿನ ನನ್ನೊಡನೆ ಮಾತಾಡಿದಾಗ ಅವರು ಜೋಡೆತ್ತು ಮಾರಿ, ಹೊಲವನ್ನು ಮಕ್ಕಳಿಗೆ ಹಿಸ್ಸೆ ಮಾಡಿ ಬಂದಿದ್ದರು. ಏಕೆಂದು ಕೇಳಿದೆ. “ಕಿಡ್ನಿ ನಿಕಾಮಿ ಆಗ್ಯಾವ ಅಂತ ಡಾಕ್ಟರ್ ಅಂದ್ರಲ್ರೀ ಸರ. ಕೆಲಸಕ್ಕ ಬಾರದಾಂವ ಎತ್ತು ಇಟಗೊಂಡು ಏನ್ ಮಾಡ್ಲಿ?” ವೈದ್ಯರು ಹೇಳಿದ್ದು ಅಂಗದ ಮಾತು, ಇವರು ಕೇಳಿದ್ದು ತಮ್ಮ ಮಾತು. ಯಾರೂ ಸುಳ್ಳು ಹೇಳಿರಲಿಲ್ಲ. ಒಂದು ಜೋಡೆತ್ತು ಮಾತ್ರ ಹೋಗಿತ್ತು. ಅವರಿಗೆ ಸೋಸುಕದ ಕತೆಯನ್ನು ನಮ್ಮ ಕನ್ನಡದಲ್ಲಿ ಹೇಳಿದೆ: ಚಹಾ ಸೋಸುವ ಜಾಳಿಗೆ ಮುಚ್ಚಿಕೊಂಡಿದೆ, ಹೊರಗೊಂದು ಜಾಳಿಗೆ ಇಟ್ಟು ಸೋಸುತ್ತಿದ್ದಾರೆ, ಅಷ್ಟೆ. “ಅಂದ್ರ ನಾ ಇನ್ನೂ ಅದೀನಿ?” ಎಂದರು. ಈಗ ಅವರು ಮನೆಯಲ್ಲಿ ನಾಲ್ಕು ಆಡು ಕಟ್ಟಿದ್ದಾರೆ. ಭಾರ ಎತ್ತುವಂತಿಲ್ಲ, ಮೇವಿನ ಹೊರೆ ಮಗ ಹೊರುತ್ತಾನೆ. ಮಾರುವ ಕೊಳ್ಳುವ ಮಾತು ಮಾತ್ರ ಇವರದೇ. ಎತ್ತು ಮತ್ತೆ ಬರಲಿಲ್ಲ.

ಮಹಾತ್ಮಾ ಜೋತಿರಾವ ಫುಲೆ ಜನಾರೋಗ್ಯ ಯೋಜನೆಯಲ್ಲಿ ಅರ್ಹರಿಗೆ ಡಯಾಲಿಸಿಸ್ ಉಚಿತವಾಗಿ ದೊರೆಯುತ್ತದೆ, ಎಸ್.ಟಿ. ಬಸ್ಸಿನಲ್ಲಿ ರಿಯಾಯಿತಿಯುಂಟು. ಆದರೆ ವಾರದಲ್ಲಿ ಮೂರು ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಜೊತೆಗೆ ಬರುವ ಮಗನ ಕೂಲಿಯೂ ಹೋಗುತ್ತದೆ. ಕೆಲಸ ಕೊಡುವವರು ದಿನ ಹೊಂದಿಸಿಕೊಟ್ಟರೆ ಉಳಿದ ನಾಲ್ಕು ದಿನ ದುಡಿಯಬಲ್ಲವರು ನಮ್ಮ ವಾರ್ಡಿನಲ್ಲಿಯೇ ಎಷ್ಟೋ ಜನರಿದ್ದಾರೆ. ಒಬ್ಬ ಹುಡುಗ ದರ್ಜಿ, ಒಬ್ಬರು ಅಂಗಡಿಯ ಲೆಕ್ಕ ಬರೆಯುತ್ತಿದ್ದವರು. ಇಬ್ಬರನ್ನೂ ಕೆಲಸದಿಂದ ಬಿಡಿಸಿದ್ದಾರೆ, ಅದೂ ‘ಆರಾಮ ಮಾಡು’ ಎಂಬ ಮಾತಿನೊಂದಿಗೆ.

ಇನ್ನು ನಿಮಗೆ ಸಂಬಂಧಿಸಿದ್ದು. ಗಡಿಯ ಹಳ್ಳಿಯಿಂದ ಬರುವ ಒಬ್ಬ ಅಜ್ಜಿಗೆ ಮರಾಠಿ ಅಷ್ಟಾಗಿ ತಿಳಿಯದು. “ಪಾಣಿ ಮೋಜೂನ್ ಪ್ಯಾ” ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು, ನೀರನ್ನು ಅಳೆದು ಕುಡಿಯಿರಿ ಎಂದು. ಅಜ್ಜಿಯ ಕಿವಿಗೆ ಬಿದ್ದದ್ದು ನಮ್ಮ ‘ಮೋಜು’. ನೀರನ್ನು ಹಾಯಾಗಿ ಕುಡಿ ಎಂದಿದ್ದಾರೆಂದು ತಿಳಿದು ಮನದಣಿಯೆ ಕುಡಿದು, ಎರಡನೆಯ ರಾತ್ರಿ ಶ್ವಾಸಕೋಶಕ್ಕೆ ನೀರು ಏರಿ, ಏದುಸಿರಿನಲ್ಲಿ ಆಸ್ಪತ್ರೆಗೆ ಬಂದರು. ಉಳಿದರು. ನಾನು ಪ್ರಾಥಮಿಕ ಶಾಲೆಯನ್ನು ಕನ್ನಡದಲ್ಲಿಯೂ ಹೈಸ್ಕೂಲನ್ನು ಮರಾಠಿಯಲ್ಲಿಯೂ ಓದಿದವನು. ‘ಮೋಜಣೆ’ ಮತ್ತು ‘ಮೋಜು’ಗಳ ಅಂತರ ನನಗೆ ಶ್ಲೇಷೆಯ ಉದಾಹರಣೆಯಾಗಿತ್ತು. ಅದು ಪ್ರಾಣಕ್ಕೆ ಎರವಾಗಬಹುದೆಂದು ಅಂದೇ ತಿಳಿದದ್ದು.

ಕನ್ನಡ ಐಚ್ಛಿಕ ತೆಗೆದುಕೊಂಡು ಈ ನೆಲದಲ್ಲಿ ಏನು ಉಪಯೋಗವೆಂದು ನೀವು ನನ್ನನ್ನು ಕೇಳುತ್ತಿರುತ್ತೀರಿ. ಎರಡು ಭಾಷೆ ಬಲ್ಲ ನೀವು ಮಾಡಬಹುದಾದ ಒಂದು ಕೆಲಸ ಇಲ್ಲಿದೆ. ನೀರೆಷ್ಟು, ಉಪ್ಪೆಷ್ಟು, ಯಾವ ಹಣ್ಣು ಬೇಡ. ಸೂಜಿ ಚುಚ್ಚುವ ತೋಳಿನಲ್ಲಿ ಬಿ.ಪಿ. ನೋಡಲು, ರಕ್ತ ತೆಗೆಯಲು ಬಿಡಬಾರದು. ದಿನವೂ ಬೆಳಿಗ್ಗೆ ಆ ತೋಳಿನ ಮೇಲೆ ಕೈಯಿಟ್ಟರೆ ಜೇನುಹುಳದಂತೆ ಗುಂಯ್‌ಗುಡುವ ಮಿಡಿತ ಇರಬೇಕು, ಇಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವ ಮನೆಯವರು ವರ್ಷಕ್ಕೊಮ್ಮೆಯಾದರೂ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು, ಮೈಕೈ ನೋವಿಗೆ ತಾವೇ ಗುಳಿಗೆ ಕೊಂಡು ನುಂಗಬಾರದು. ಇಷ್ಟನ್ನು ಎರಡು ಪುಟದಲ್ಲಿ, ನಮ್ಮ ಹಳ್ಳಿಯ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಬೇಕು. ವಿಷಯ ಸರಿಯಿದೆಯೇ ಎಂದು ವೈದ್ಯರು ನೋಡಿಕೊಡುತ್ತಾರೆ, ಅವರನ್ನು ಕೇಳಿದ್ದೇನೆ. ‘ವೈಫಲ್ಯ’ಕ್ಕೆ ಏನು ಬರೆಯುವುದೆಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು. ‘ಕಿಡ್ನಿ ದಣಿದಾವ’ ಎಂದು ಬರೆದರೆ ಸುಳ್ಳು ಹೇಳಿದಂತಾದೀತೆ? ನನಗಿನ್ನೂ ನಿಶ್ಚಯವಿಲ್ಲ.

ಬರುವ ಶನಿವಾರ ಬೆಳಿಗ್ಗೆ ಐದೂವರೆಯ ಬಸ್ಸಿಗೆ ನಾನು ಸೊಲ್ಲಾಪುರಕ್ಕೆ ಹೊರಡುತ್ತೇನೆ. ಇಬ್ಬರು ಬಂದರೆ ಸಾಕು, ಅದರಲ್ಲಿ ‘ನಿಕಾಮಿ’ ಪದ ತಂದವಳೂ ಇದ್ದರೆ ಸಂತೋಷ. ಬರೆದದ್ದನ್ನು ಮೊದಲು ಕಾಕಾ ಅವರಿಗೆ ಓದಿ ಹೇಳೋಣ. ಅವರಿಗೆ ತಿಳಿಯದ ಪದವನ್ನು ಅಲ್ಲಿಯೇ ಹೊಡೆದುಹಾಕೋಣ. ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ನನ್ನ ಲೆಕ್ಕದ್ದು. ನಿಮಗೆ ಒಂದೊಂದು ಕಪ್ಪು, ನನಗೆ ಅರ್ಧ.